ವಯಸ್ಕರ ಪದವಿ: ಗಳಿಕೆಯ ಲೆಕ್ಕದಲ್ಲಿ ಕಾಣದ ಸಾಲ

ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜುಲೈ 4ರಂದು ಸಹಿ ಹಾಕಿದ ಬೃಹತ್ ತೆರಿಗೆ ಮತ್ತು ವೆಚ್ಚ ಕಾನೂನಿನ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ತೆರಿಗೆ ವಿನಾಯಿತಿ, ಗಡಿ ಭದ್ರತೆ, ಹೊರದೇಶಕ್ಕೆ ಕಳುಹಿಸುವ ಹಣದ ಮೇಲಿನ ಸುಂಕ ಎಲ್ಲವೂ ಸುದ್ದಿಯಾದವು. ಆ ಕಾನೂನಿನ ಒಳಗೆ ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಅಧ್ಯಾಯವೂ ಇದೆ. ಅದು ಹೇಳುವುದು ಇಷ್ಟು: ಒಂದು ಕೋರ್ಸಿನಲ್ಲಿ ಪದವಿ ಪಡೆದವರ ಗಳಿಕೆ, ಪ್ರೌಢಶಾಲೆಯನ್ನಷ್ಟೇ ಮುಗಿಸಿದ ದುಡಿಯುವ ಯುವಜನರ ಗಳಿಕೆಗಿಂತ ಕಡಿಮೆಯಿದ್ದು, ಮೂರು ವರ್ಷಗಳಲ್ಲಿ ಎರಡು ವರ್ಷ ಹಾಗೆಯೇ ಇದ್ದರೆ, ಆ ಕೋರ್ಸಿಗೆ ಸೇರುವವರಿಗೆ ಸರ್ಕಾರ ಶಿಕ್ಷಣ ಸಾಲ ಕೊಡುವುದಿಲ್ಲ. ಹೋಲಿಕೆಗೆ ತೆಗೆದುಕೊಳ್ಳುವುದು ಮಧ್ಯಮ ಗಳಿಕೆಯನ್ನು, ಅಂದರೆ ಎಲ್ಲರನ್ನೂ ಗಳಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಲ್ಲುವವನ ಸಂಬಳವನ್ನು.

ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ತೆರಿಗೆದಾರನ ಹಣದಲ್ಲಿ ಓದಿದವನು ಓದದವನಿಗಿಂತ ಕಡಿಮೆ ಗಳಿಸುವುದಾದರೆ ಅಂಥ ಓದಿಗೆ ಸಾಲವೇಕೆ ಎಂದು ಯಾರೂ ಕೇಳಬಹುದು. ಆದರೆ ಹದಿನೆಂಟರ ಹುಡುಗನಿಗೆ ಸರಿಹೊಂದುವ ಈ ಅಳತೆಗೋಲನ್ನು ಮೂವತ್ತೆಂಟರ ಗೃಹಸ್ಥನಿಗೂ ಹಿಡಿದರೆ ಅದು ಸುಳ್ಳು ಹೇಳುತ್ತದೆ. ವಯಸ್ಕರಿಗಾಗಿಯೇ ಇರುವ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಹಾಗೆಯೇ ಆಗಲಿದೆ ಎಂಬುದು ಈ ಲೇಖನದ ವಾದ.

ಇಂಥ ವಿಶ್ವವಿದ್ಯಾಲಯಗಳಲ್ಲಿ ಅತಿ ಪ್ರಸಿದ್ಧವಾದುದು ಅರಿಜೋನಾ ರಾಜ್ಯದ ಫೀನಿಕ್ಸ್ ವಿಶ್ವವಿದ್ಯಾಲಯ. ಇದನ್ನು 1976ರಲ್ಲಿ ಸ್ಥಾಪಿಸಿದ ಜಾನ್ ಸ್ಪರ್ಲಿಂಗ್ ಅವರ ಜೀವನವೇ ಒಂದು ಕುತೂಹಲದ ಕಥೆ. ಬಡ ಕುಟುಂಬದಲ್ಲಿ ಹುಟ್ಟಿದ ಅವರು ಓದಲು ಕಷ್ಟಪಡುತ್ತಿದ್ದ ಹುಡುಗ. ವ್ಯಾಪಾರಿ ಹಡಗಿನ ಕೆಲಸಕ್ಕೆ ಸೇರಿದ ಮೇಲೆಯೇ ಪುಸ್ತಕದ ರುಚಿ ಹತ್ತಿದ್ದು. ಮುಂದೆ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದು, ಸ್ಯಾನ್ ಹೋಸೆಯಲ್ಲಿ ಪ್ರಾಧ್ಯಾಪಕರಾಗಿ, ಅಧ್ಯಾಪಕರ ಸಂಘಟನೆಯ ಮುಂದಾಳೂ ಆಗಿದ್ದರು. ಪೊಲೀಸರು, ಶಾಲಾ ಶಿಕ್ಷಕರು ಮುಂತಾದ ದುಡಿಯುವ ಜನರಿಗೆ ಪಾಠ ಮಾಡುವಾಗ ಅವರು ಗಮನಿಸಿದ್ದು ಒಂದು ಸರಳ ಸತ್ಯವನ್ನು. ಹಗಲು ಕೆಲಸ ಮಾಡುವವರಿಗೆ, ಮಕ್ಕಳನ್ನು ಸಾಕುತ್ತಿರುವ ತಾಯಂದಿರಿಗೆ, ಅರ್ಧಕ್ಕೆ ಕಾಲೇಜು ಬಿಟ್ಟವರಿಗೆ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಜಾಗವೇ ಇರಲಿಲ್ಲ. ತರಗತಿಗಳು ನಡೆಯುತ್ತಿದ್ದುದು ಹಗಲಿನಲ್ಲಿ. ನಿಯಮಗಳೆಲ್ಲ ಇದ್ದುದು ಹರೆಯದವರಿಗಾಗಿ. ಸ್ಪರ್ಲಿಂಗ್ ಸಂಜೆಯ ತರಗತಿ ತೆರೆದರು, ಒಂದು ಸಲಕ್ಕೆ ಒಂದೇ ವಿಷಯ ಎಂಬ ಕ್ರಮ ತಂದರು, ಆಯಾ ವೃತ್ತಿಯಲ್ಲಿರುವವರನ್ನೇ ಬೋಧಕರನ್ನಾಗಿ ನೇಮಿಸಿದರು. ಆರಂಭದ ವರ್ಷಗಳಲ್ಲಿ ಪ್ರವೇಶವಿದ್ದುದು ಇಪ್ಪತ್ತಮೂರು ದಾಟಿದ, ಉದ್ಯೋಗದಲ್ಲಿರುವವರಿಗೆ ಮಾತ್ರ. ಅನೇಕರ ಶುಲ್ಕವನ್ನು ಅವರ ಮಾಲೀಕರೇ ಭರಿಸುತ್ತಿದ್ದರು.

ಈ ಸಂಸ್ಥೆಯನ್ನು ಇಂದು ಟೀಕಿಸುವವರು ಅದರ ಈ ಮೊದಲ ಅಧ್ಯಾಯವನ್ನು ಮರೆಯಬಾರದು. ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳು ತಮ್ಮ ಬಾಗಿಲನ್ನು ಹೊತ್ತಿಗೆ ಸರಿಯಾಗಿ ತೆರೆದಿದ್ದರೆ ಸ್ಪರ್ಲಿಂಗ್ ಅವರಿಗೆ ಗಿರಾಕಿಗಳೇ ಸಿಗುತ್ತಿರಲಿಲ್ಲ.

ದಿಕ್ಕು ತಪ್ಪಿದ್ದು ಆಮೇಲೆ. 1994ರಲ್ಲಿ ಮಾತೃಸಂಸ್ಥೆಯಾದ ಅಪೊಲೊ ಗ್ರೂಪ್ ಷೇರು ಮಾರುಕಟ್ಟೆಗೆ ಬಂತು. ಷೇರುದಾರನಿಗೆ ಪ್ರತಿ ಮೂರು ತಿಂಗಳಿಗೊಮ್ಮೆ ಬೆಳವಣಿಗೆ ಕಾಣಬೇಕು. ವಿಶ್ವವಿದ್ಯಾಲಯದ ಬೆಳವಣಿಗೆ ಎಂದರೆ ದಾಖಲಾತಿ. ಕೆಲಸದಲ್ಲಿರುವ, ಅನುಭವವುಳ್ಳ ವಯಸ್ಕರ ಸಂಖ್ಯೆಗೆ ಒಂದು ಮಿತಿಯಿದೆ. ಅದು ಮುಗಿದಾಗ ವಯಸ್ಸಿನ ನಿಯಮ ಸಡಿಲವಾಯಿತು, ಆನ್‌ಲೈನ್ ತರಗತಿಗಳು ಹಿಗ್ಗಿದವು, ಕಾಲೇಜು ಓದಿಗೆ ಸಿದ್ಧತೆಯೇ ಇಲ್ಲದವರನ್ನೂ ಸೇರಿಸಿಕೊಳ್ಳಲಾಯಿತು. ಮಾಲೀಕರು ಕಟ್ಟುತ್ತಿದ್ದ ಶುಲ್ಕದ ಜಾಗಕ್ಕೆ ಸರ್ಕಾರಿ ಸಾಲ ಬಂತು. 2010ರ ಹೊತ್ತಿಗೆ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 4.7 ಲಕ್ಷ ಮುಟ್ಟಿತ್ತು. 2006ರಲ್ಲಿ ಅರಿಜೋನಾದ ಒಂದು ಫುಟ್‌ಬಾಲ್ ಕ್ರೀಡಾಂಗಣಕ್ಕೆ ತನ್ನ ಹೆಸರಿಡಲು ವಿಶ್ವವಿದ್ಯಾಲಯ ಇಪ್ಪತ್ತು ವರ್ಷಗಳ ಅವಧಿಗೆ 15.45 ಕೋಟಿ ಡಾಲರ್ ಕೊಡಲು ಒಪ್ಪಿತು. ವಿಶ್ವವಿದ್ಯಾಲಯಕ್ಕೆ ತನ್ನದೇ ಒಂದು ಫುಟ್‌ಬಾಲ್ ತಂಡವೂ ಇರಲಿಲ್ಲ ಎಂಬುದು ಬೇರೆ ಮಾತು!

ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಸೆನೆಟರ್ ಟಾಮ್ ಹಾರ್ಕಿನ್ ನೇತೃತ್ವದ ಸಮಿತಿ 2012ರಲ್ಲಿ ಬಹಿರಂಗಪಡಿಸಿತು. ಲಾಭಕ್ಕಾಗಿ ಕಾಲೇಜು ನಡೆಸುವ ಮೂವತ್ತು ಕಂಪನಿಗಳ ಲೆಕ್ಕಪತ್ರಗಳನ್ನು ಜಾಲಾಡಿದ ಆ ಸಮಿತಿ, ಅವುಗಳ ಆದಾಯದಲ್ಲಿ ಶೇಕಡ 22ಕ್ಕೂ ಹೆಚ್ಚು ಪಾಲು ಜಾಹೀರಾತು ಮತ್ತು ವಿದ್ಯಾರ್ಥಿಗಳನ್ನು ಸೆಳೆಯುವ ಕೆಲಸಕ್ಕೆ, ಶೇಕಡ 19ರಷ್ಟು ಲಾಭಕ್ಕೆ, ಶೇಕಡ 17ರಷ್ಟು ಮಾತ್ರ ಪಾಠಪ್ರವಚನಕ್ಕೆ ಹೋಗುತ್ತಿದೆ ಎಂದು ತೋರಿಸಿತು. ದೇಶದ ಒಟ್ಟು ವಿದ್ಯಾರ್ಥಿಗಳಲ್ಲಿ ಈ ಕಾಲೇಜುಗಳಲ್ಲಿದ್ದವರು ಶೇಕಡ 13; ಸಾಲ ತೀರಿಸಲಾಗದೆ ಸುಸ್ತಿದಾರರಾದವರಲ್ಲಿ ಇವರ ಪಾಲು ಶೇಕಡ 47. ವಿದ್ಯಾರ್ಥಿಗಳನ್ನು ಸೇರಿಸುವ ನೌಕರರಿಗೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದನ್ನು ಅಮೆರಿಕದ ಕಾನೂನು 1992ರಲ್ಲೇ ನಿಷೇಧಿಸಿತ್ತು. ಆ ನಿಯಮವನ್ನು ಮೀರಿದ ಆರೋಪದ ಮೊಕದ್ದಮೆಯೊಂದನ್ನು ಮುಗಿಸಲು ಫೀನಿಕ್ಸ್‌ನ ಮಾತೃಸಂಸ್ಥೆ 2009ರಲ್ಲಿ ಸರ್ಕಾರಕ್ಕೆ 6.75 ಕೋಟಿ ಡಾಲರ್ ಕೊಟ್ಟಿತು. ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಮೈಕ್ರೋಸಾಫ್ಟ್, ಅಡೋಬಿ, ಟ್ವಿಟರ್‌ನಂಥ ಕಂಪನಿಗಳೊಂದಿಗೆ ಉದ್ಯೋಗ ಕೊಡಿಸುವ ನಂಟಿದೆ ಎಂಬ ಭಾವನೆ ಹುಟ್ಟಿಸುವ ಜಾಹೀರಾತುಗಳಿಗಾಗಿ 2019ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಜತೆ 19.1 ಕೋಟಿ ಡಾಲರ್‌ಗಳ ಇತ್ಯರ್ಥವಾಯಿತು. ಆಗಲೂ ತಪ್ಪೊಪ್ಪಿಗೆ ಇಲ್ಲ.

ಈ ಕೊನೆಯ ಇತ್ಯರ್ಥವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 19.1 ಕೋಟಿಯಲ್ಲಿ 5 ಕೋಟಿ ನಗದು, ಉಳಿದ 14.1 ಕೋಟಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೇ ಕೊಡಬೇಕಿದ್ದ ಬಾಕಿಯ ಮನ್ನಾ. ಸರ್ಕಾರದಿಂದ ಅವರು ಪಡೆದಿದ್ದ ಶಿಕ್ಷಣ ಸಾಲ ಇದರಲ್ಲಿ ಸೇರಲಿಲ್ಲ. ಸಾಲದ ದೊಡ್ಡ ಹೊರೆ ಇದ್ದುದೇ ಅಲ್ಲಿ. ಅರ್ಥಶಾಸ್ತ್ರಜ್ಞರಾದ ಆಡಮ್ ಲೂನಿ ಮತ್ತು ಕಾನ್‌ಸ್ಟಂಟೈನ್ ಯಾನೆಲಿಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2014ರಲ್ಲಿ ಫೀನಿಕ್ಸ್‌ನಲ್ಲಿ ಓದಿದವರ ಮೇಲಿದ್ದ ಸರ್ಕಾರಿ ಸಾಲದ ಮೊತ್ತ 3,500 ಕೋಟಿ ಡಾಲರ್‌ಗೂ ಹೆಚ್ಚು. ಅಮೆರಿಕದ ಬೇರಾವ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳೂ ಅಷ್ಟು ಸಾಲ ಹೊತ್ತಿರಲಿಲ್ಲ. 2023ರಲ್ಲಿ ಶಿಕ್ಷಣ ಇಲಾಖೆ ಫೀನಿಕ್ಸ್‌ನ ಜಾಹೀರಾತುಗಳಿಂದ ಮೋಸಹೋದವರೆಂದು ಗುರುತಿಸಿ ಸಾಲ ಮನ್ನಾ ಮಾಡಿದ್ದು 1,200ಕ್ಕೂ ಹೆಚ್ಚು ಜನರಿಗೆ, ಸುಮಾರು 3.7 ಕೋಟಿ ಡಾಲರ್. 3,500 ಕೋಟಿಯ ಮುಂದೆ ಇದು ಯಾವ ಮೂಲೆಗೆ?

ಈಗ ಹೊಸ ಕಾನೂನಿನ ಗಳಿಕೆಯ ಪರೀಕ್ಷೆಗೆ ಬರೋಣ. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಬಹುದು. ಪ್ರೌಢಶಾಲೆ ಮುಗಿಸಿದವರ ಮಧ್ಯಮ ಗಳಿಕೆ ವರ್ಷಕ್ಕೆ 35 ಸಾವಿರ ಡಾಲರ್ ಎಂದಿಟ್ಟುಕೊಳ್ಳಿ. ಮೂವತ್ತೆಂಟು ವರ್ಷದ ಒಬ್ಬ ಮಹಿಳೆ ಆಸ್ಪತ್ರೆಯೊಂದರ ಕಚೇರಿಯಲ್ಲಿ ಹದಿನೈದು ವರ್ಷ ದುಡಿದು 42 ಸಾವಿರ ಸಂಪಾದಿಸುತ್ತಿದ್ದಾರೆ. ಬಡ್ತಿಯ ಆಸೆಯಿಂದ 40 ಸಾವಿರ ಸಾಲ ಮಾಡಿ ಪದವಿ ಪಡೆದರು. ಸಂಬಳ 45 ಸಾವಿರವಾಯಿತು. ಕಾನೂನಿನ ಕಣ್ಣಿಗೆ ಇದು ಭರ್ಜರಿ ಯಶಸ್ಸು. 35ರ ಗೆರೆಯನ್ನು ಹತ್ತು ಸಾವಿರದಷ್ಟು ಅಂತರದಲ್ಲಿ ದಾಟಿದ್ದಾರೆ. ಆದರೆ ಪದವಿ ತಂದುಕೊಟ್ಟದ್ದು ಮೂರು ಸಾವಿರ ಮಾತ್ರ. ಶೇಕಡ 6ರ ಬಡ್ಡಿಯಂತೆ ಮೊದಲ ವರ್ಷದ ಬಡ್ಡಿಯೇ 2,400. ಉಳಿದ ಆರುನೂರರಲ್ಲಿ ತೆರಿಗೆ ಕಳೆದು ಅಸಲು ತೀರಿಸುವುದೆಂದು?

ಅಂದರೆ ಅವರು ಗೆರೆ ದಾಟಿದ್ದು ವಿಶ್ವವಿದ್ಯಾಲಯದಿಂದಲ್ಲ. ಹದಿನೈದು ವರ್ಷಗಳ ದುಡಿಮೆಯಿಂದ. ಹರೆಯದ ವಿದ್ಯಾರ್ಥಿ ಕಾಲೇಜಿಗೆ ಬರುವಾಗ ಅವನ ಗಳಿಕೆ ಸೊನ್ನೆ. ಆದ್ದರಿಂದ ಪದವಿಯ ನಂತರದ ಸಂಬಳವನ್ನು ಪದವಿಯ ಫಲವೆಂದು ಹೇಳುವುದರಲ್ಲಿ ಒಂದಿಷ್ಟಾದರೂ ಅರ್ಥವಿದೆ. ವಯಸ್ಕನು ಬರುವುದು ಕೈಯಲ್ಲಿ ಕೆಲಸವನ್ನೂ ಬೆನ್ನಿಗೆ ಅನುಭವವನ್ನೂ ಇಟ್ಟುಕೊಂಡು. ಆಗಲೇ ನೋಂದಾಯಿತ ದಾದಿಯಾಗಿರುವವರು ಪದವಿಗೆಂದು ಸೇರಿದರೆ, ಹೊರಬಂದ ಮೇಲೆ ಅವರ ಒಳ್ಳೆಯ ಸಂಬಳವೆಲ್ಲ ವಿಶ್ವವಿದ್ಯಾಲಯದ ಖಾತೆಗೆ ಜಮೆಯಾಗುತ್ತದೆ. ವಯಸ್ಕರ ವಿಶ್ವವಿದ್ಯಾಲಯಗಳು ತಮ್ಮ ಪದವೀಧರರ ಗಳಿಕೆಯನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವಾಗ ಅದರಲ್ಲಿ ಎಷ್ಟು ಅವರದು, ಎಷ್ಟು ಆ ವಿದ್ಯಾರ್ಥಿಯ ಹಿಂದಿನ ಬದುಕಿನದು ಎಂದು ಕೇಳುವವರು ಕಡಿಮೆ. ಸ್ಟೆಫನಿ ಸೆಲಿನಿ ಮತ್ತು ನಿಕೊಲಸ್ ಟರ್ನರ್ ಎಂಬ ಸಂಶೋಧಕರು ತೆರಿಗೆ ದಾಖಲೆಗಳನ್ನೇ ಹಿಡಿದು, ವಿದ್ಯಾರ್ಥಿಗಳ ಓದಿನ ಹಿಂದಿನ ಮತ್ತು ಮುಂದಿನ ಗಳಿಕೆಯನ್ನು ತಾಳೆ ನೋಡಿದರು. ಲಾಭದ ಕಾಲೇಜುಗಳಲ್ಲಿ ಸರ್ಟಿಫಿಕೇಟ್ ಕೋರ್ಸು ಮಾಡಿದವರ ಗಳಿಕೆ, ಅದೇ ಬಗೆಯ ಕೋರ್ಸನ್ನು ಅಗ್ಗದ ಸರ್ಕಾರಿ ಸಮುದಾಯ ಕಾಲೇಜುಗಳಲ್ಲಿ ಮಾಡಿದವರಿಗಿಂತ ಕಡಿಮೆಯೇ ಇತ್ತು. ಸಾಲ ಮಾತ್ರ ಹೆಚ್ಚು. ವಿಚಿತ್ರವೆಂದರೆ, 2025ರ ಕಾನೂನು ಪದವಿಪೂರ್ವ ಹಂತದ ಸರ್ಟಿಫಿಕೇಟ್ ಕೋರ್ಸುಗಳನ್ನು ತನ್ನ ಪರೀಕ್ಷೆಯಿಂದ ಹೊರಗಿಟ್ಟಿದೆ.

ಎರಡನೆಯ ದೋಷ ಇನ್ನೂ ಗಂಭೀರ. ಕಾನೂನು ಎಣಿಸುವುದು ಓದು ಮುಗಿಸಿದವರನ್ನು ಮಾತ್ರ. ವಯಸ್ಕರ ಓದಿನಲ್ಲಿ ಅರ್ಧಕ್ಕೆ ನಿಲ್ಲಿಸುವವರೇ ಬಹಳ. ಮಗುವಿಗೆ ಕಾಯಿಲೆ, ಪಾಳಿ ಬದಲಾವಣೆ, ಕೆಲಸ ಹೋಗುವುದು, ವಯಸ್ಸಾದ ತಂದೆತಾಯಿ, ಇವುಗಳಲ್ಲಿ ಯಾವುದಾದರೊಂದು ಎದುರಾದರೆ ಸಾಕು, ಪುಸ್ತಕ ಮಡಚಿಡಬೇಕಾಗುತ್ತದೆ. ಹಾರ್ಕಿನ್ ಸಮಿತಿ ಪರಿಶೀಲಿಸಿದ ಕಾಲೇಜುಗಳಿಗೆ 2008-09ರಲ್ಲಿ ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 2010ರ ಮಧ್ಯದ ಹೊತ್ತಿಗೆ ಪದವಿಯಿಲ್ಲದೆ ಹೊರಬಿದ್ದಿದ್ದರು. ಅಮೆರಿಕದ ಶಿಕ್ಷಣ ಸಾಲದ ಕುರಿತ ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿಕೊಟ್ಟಿರುವ ಸಂಗತಿಯೊಂದಿದೆ. ಸುಸ್ತಿದಾರರಾಗುವವರು ಲಕ್ಷ ಡಾಲರ್ ಸಾಲ ಮಾಡಿದ ವೈದ್ಯರೋ ವಕೀಲರೋ ಅಲ್ಲ. ಹತ್ತು ಸಾವಿರಕ್ಕಿಂತ ಕಡಿಮೆ ಸಾಲ ಮಾಡಿ ಪದವಿ ಮುಗಿಸಲಾಗದೆ ಹೋದವರು. ಇವರ ಬಳಿ ಸಾಲವಿದೆ, ಅದನ್ನು ತೀರಿಸಿಕೊಡಬೇಕಾದ ಪ್ರಮಾಣಪತ್ರವಿಲ್ಲ. ಗಳಿಕೆಯ ಪರೀಕ್ಷೆಯಲ್ಲಿ ಇವರು ಎಲ್ಲಿಯೂ ಬರುವುದಿಲ್ಲ. ನೂರು ಜನರನ್ನು ಸೇರಿಸಿ ಮೂವತ್ತು ಜನರನ್ನು ದಡ ಮುಟ್ಟಿಸಿದ ಸಂಸ್ಥೆ, ಎಂಬತ್ತು ಜನರನ್ನು ದಡ ಮುಟ್ಟಿಸಿದ ಸಂಸ್ಥೆಯ ಸಮಕ್ಕೇ ನಿಲ್ಲಬಹುದು.

ಒಬಾಮ ಕಾಲದಲ್ಲಿ ರೂಪುಗೊಂಡು, 2019ರಲ್ಲಿ ಟ್ರಂಪ್ ಆಡಳಿತ ರದ್ದುಮಾಡಿ, 2023ರಲ್ಲಿ ಬೈಡನ್ ಆಡಳಿತ ಮರಳಿ ತಂದ ನಿಯಮದಲ್ಲಿ ಕನಿಷ್ಠಪಕ್ಷ ಸಾಲವನ್ನು ಗಳಿಕೆಯೊಂದಿಗೆ ತೂಗಿ ನೋಡುವ ಕ್ರಮವಿತ್ತು. ವರ್ಷದ ಕಂತು ಆದಾಯದ ಇಂತಿಷ್ಟು ಭಾಗವನ್ನು ಮೀರಬಾರದು ಎಂಬುದು ಅದರ ತಿರುಳು. ಆ ನಿಯಮ ಮುಖ್ಯವಾಗಿ ಲಾಭದ ಕಾಲೇಜುಗಳಿಗೆ ಅನ್ವಯಿಸುತ್ತಿತ್ತು. ಉಳಿದ ವಿಶ್ವವಿದ್ಯಾಲಯಗಳ ಪದವಿಗಳನ್ನು ಬಿಟ್ಟುಬಿಟ್ಟಿತ್ತು ಎಂಬ ಆಕ್ಷೇಪದಲ್ಲಿ ಹುರುಳಿದೆ. ಹೊಸ ಕಾನೂನು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಪದವಿಗಳಿಗೂ ಅನ್ವಯಿಸುತ್ತದೆ. ಅಷ್ಟರಮಟ್ಟಿಗೆ ಅದು ಮೇಲು. ಆದರೆ ತಕ್ಕಡಿಯ ಒಂದು ತಟ್ಟೆಯನ್ನೇ ಕಿತ್ತುಹಾಕಿ ತೂಕ ಮಾಡಲು ಹೊರಟರೆ ಹೇಗೆ? ಐದು ಸಾವಿರ ಸಾಲದಲ್ಲಿ ಸಿಕ್ಕ ಪದವಿಯೂ ಐವತ್ತು ಸಾವಿರ ಸಾಲದಲ್ಲಿ ಸಿಕ್ಕ ಪದವಿಯೂ ಹೊಸ ಲೆಕ್ಕದಲ್ಲಿ ಒಂದೇ.

ವಯಸ್ಕರಿಗೆ ಸಾಲ ಹೆಚ್ಚಾಗುವುದಕ್ಕೆ ವ್ಯವಸ್ಥೆಯಲ್ಲೇ ಕಾರಣಗಳಿವೆ. ತಂದೆತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿ ಮೊದಲ ಪದವಿಗೆ ಒಟ್ಟು 31 ಸಾವಿರ ಡಾಲರ್‌ವರೆಗೆ ಸರ್ಕಾರಿ ಸಾಲ ಪಡೆಯಬಹುದು. ಇಪ್ಪತ್ತನಾಲ್ಕು ದಾಟಿದವರು, ಮದುವೆಯಾದವರು, ಮಕ್ಕಳಿರುವವರು ‘ಸ್ವತಂತ್ರ’ರೆಂದು ಪರಿಗಣಿತರಾಗಿ 57,500ರವರೆಗೆ ಪಡೆಯಬಹುದು. ಸಾಲದ ಹಣ ಶುಲ್ಕಕ್ಕೆ ಮಾತ್ರವಲ್ಲ, ಮನೆ ಬಾಡಿಗೆ, ದಿನಸಿಗೂ ಹೋಗುತ್ತದೆ. ಸಂಸಾರಸ್ಥನಿಗೆ ಆ ಅಗತ್ಯ ಇದ್ದೇ ಇದೆ. ಆದರೆ ತೀರಿಸಲು ಅವನಿಗೆ ಇರುವ ವರ್ಷಗಳು ಕಡಿಮೆ. 2026ರ ಜುಲೈ 1ರಿಂದಾಚೆಗೆ ಪಡೆಯುವ ಸಾಲಗಳಿಗೆ ಈ ಕಾನೂನು ತಂದಿರುವ, ಆದಾಯಕ್ಕೆ ಅನುಗುಣವಾಗಿ ಕಂತು ಕಟ್ಟುವ ಯೋಜನೆಯಲ್ಲಿ ಬಾಕಿ ಮನ್ನಾ ಆಗುವುದು ಮೂವತ್ತು ವರ್ಷಗಳ ನಂತರ. ಹಿಂದೆ ಇದು ಇಪ್ಪತ್ತು ಅಥವಾ ಇಪ್ಪತ್ತೈದು ವರ್ಷವಿತ್ತು. ಇಪ್ಪತ್ತೆರಡರಲ್ಲಿ ಪದವಿ ಪಡೆದವನು ಐವತ್ತೆರಡಕ್ಕೆ ಋಣಮುಕ್ತನಾಗುತ್ತಾನೆ. ನಲವತ್ತೆರಡರಲ್ಲಿ ಪದವಿ ಪಡೆದವಳು ಎಪ್ಪತ್ತೆರಡರವರೆಗೆ ಕಂತು ಕಟ್ಟಬೇಕು, ಅಂದರೆ ನಿವೃತ್ತಿಯ ನಂತರವೂ. ಅಮೆರಿಕದಲ್ಲಿ ದಿವಾಳಿ ಘೋಷಿಸಿಕೊಂಡರೂ ಶಿಕ್ಷಣ ಸಾಲದಿಂದ ಬಿಡುಗಡೆ ಸಿಗುವುದು ಬಲು ಕಷ್ಟ; 1998ರ ತಿದ್ದುಪಡಿ ಆ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿತು. ಸುಸ್ತಿದಾರರ ವೃದ್ಧಾಪ್ಯ ಪಿಂಚಣಿಯಿಂದ ಒಂದು ಭಾಗವನ್ನು ಹಿಡಿದುಕೊಳ್ಳಲೂ ಕಾನೂನಿನಲ್ಲಿ ಅವಕಾಶವಿದೆ.

ಹಾಗಾದರೆ ವಯಸ್ಕರು ಸಾಲವನ್ನೇ ಮಾಡದಿದ್ದರೆ? ಇದಕ್ಕೆ ಉತ್ತರ ಇಂಗ್ಲೆಂಡಿನಲ್ಲಿದೆ. ಹೆರಾಲ್ಡ್ ವಿಲ್ಸನ್ ಅವರ ಲೇಬರ್ ಸರ್ಕಾರದಲ್ಲಿ ಜೆನ್ನಿ ಲೀ ಹಟಹಿಡಿದು ಕಟ್ಟಿದ, 1969ರಲ್ಲಿ ಸನ್ನದು ಪಡೆದ ಓಪನ್ ಯೂನಿವರ್ಸಿಟಿ ಜಗತ್ತಿನ ಮುಕ್ತ ವಿಶ್ವವಿದ್ಯಾಲಯಗಳಿಗೆಲ್ಲ ಮಾದರಿ. 2012ರಲ್ಲಿ ಅಲ್ಲಿನ ಸರ್ಕಾರ ಬೋಧನೆಯ ಅನುದಾನ ಕಡಿತಗೊಳಿಸಿ, ಶುಲ್ಕ ಏರಲು ಬಿಟ್ಟು, ಬದಲಿಗೆ ಅರೆಕಾಲಿಕ ವಿದ್ಯಾರ್ಥಿಗಳಿಗೂ ಸಾಲದ ಸೌಲಭ್ಯ ಒದಗಿಸಿತು. ಹರೆಯದವರು ಸಾಲ ಮಾಡಿ ಓದಿದರು. ಮನೆ ಸಾಲ, ಮಕ್ಕಳ ಖರ್ಚು ಹೊತ್ತಿದ್ದ ವಯಸ್ಕರು ಇನ್ನೊಂದು ಸಾಲಕ್ಕೆ ಕೈಯೊಡ್ಡಲಿಲ್ಲ, ಓದನ್ನೇ ಕೈಬಿಟ್ಟರು. ಒಂದು ದಶಕದೊಳಗೆ ಇಂಗ್ಲೆಂಡಿನಲ್ಲಿ ಅರೆಕಾಲಿಕ ಪದವಿಗೆ ಸೇರುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅಮೆರಿಕದ ವಯಸ್ಕ ಜಾಹೀರಾತು ನಂಬಿ ಸಾಲ ಮಾಡಿ ಕೆಟ್ಟ. ಇಂಗ್ಲೆಂಡಿನ ವಯಸ್ಕ ಸಾಲಕ್ಕೆ ಹೆದರಿ ಓದದೇ ಉಳಿದ. ಎರಡೂ ಕಡೆ ಬಿಟ್ಟುಹೋದದ್ದು ಒಂದೇ: ಕಡಿಮೆ ಶುಲ್ಕದ, ಸರ್ಕಾರದ ನೇರ ಅನುದಾನದ ವಯಸ್ಕ ಶಿಕ್ಷಣ.

ಪದವಿಯ ಬೆಲೆಯನ್ನು ಸಂಬಳದಿಂದಲೇ ಅಳೆಯಬೇಕೇ ಎಂಬ ಪ್ರಶ್ನೆ ಸಹಜ. ಐವತ್ತರ ಗೃಹಿಣಿಯೊಬ್ಬರು ಇತಿಹಾಸ ಓದಿ ಪದವಿ ಪಡೆದರೆ ಅದರ ಸಾರ್ಥಕ್ಯವನ್ನು ಯಾವ ತೆರಿಗೆ ದಾಖಲೆಯೂ ಹೇಳಲಾರದು. ಈ ಲೇಖಕನಿಗೆ ಆ ಮಾತು ಪೂರ್ತಿ ಒಪ್ಪಿಗೆ. ಆದರೆ ಸಾಲ ಕೊಡಿಸಿ ಪದವಿ ಮಾರುವ ಸಂಸ್ಥೆಗೆ ಆ ವಾದದ ಮರೆಯಲ್ಲಿ ನಿಲ್ಲುವ ಹಕ್ಕಿಲ್ಲ. ಜಾಹೀರಾತಿನಲ್ಲಿ ಬಡ್ತಿಯ ಆಸೆ ತೋರಿಸಿ, ಲೆಕ್ಕ ಕೇಳಿದಾಗ ಜ್ಞಾನದ ಮಾತಾಡುವುದು ಸಲ್ಲದು.

ನಮಗೂ ಇದರಲ್ಲಿ ಪಾಠವಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ 1985ರಲ್ಲಿ, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಆರಂಭವಾದಾಗಿನಿಂದ ಗುಮಾಸ್ತರು, ಶಿಕ್ಷಕರು, ಪೊಲೀಸ್ ಪೇದೆಗಳು, ಮದುವೆಯ ಕಾರಣಕ್ಕೆ ಓದು ಬಿಟ್ಟ ಹೆಣ್ಣುಮಕ್ಕಳು ಸಾಲದ ಗೋಜಿಲ್ಲದೆ ಪದವಿ ಪಡೆಯುತ್ತ ಬಂದಿದ್ದಾರೆ. ಮೈಸೂರಿನ ವಿಶ್ವವಿದ್ಯಾಲಯ ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಜತೆ ಕೈಜೋಡಿಸಿ ಕೋರ್ಸು ನಡೆಸಿದ ಪರಿಣಾಮವಾಗಿ, 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದವರು ಬಡ್ತಿಗೂ ಸರ್ಕಾರಿ ಹುದ್ದೆಗೂ ಆ ಪ್ರಮಾಣಪತ್ರ ಹಿಡಿದು ಅಲೆಯಬೇಕಾಯಿತು. ಶುಲ್ಕ ಕಡಿಮೆಯಿದ್ದುದರಿಂದ ಅವರು ಕಳೆದುಕೊಂಡದ್ದು ಮುಖ್ಯವಾಗಿ ಕಾಲವನ್ನು. ಸಾಲ ಮಾಡಿ ಓದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ.

ಊಹಿಸಬೇಕಾದ ಅಗತ್ಯವೂ ಈಗ ಉಳಿದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಯಾರ ಮೊಬೈಲಿಗಾದರೂ ದಿನಕ್ಕೊಂದು ಕರೆ ಬರುತ್ತದೆ: ಕೆಲಸ ಬಿಡದೆ ಎಂಬಿಎ ಮಾಡಿ, ದತ್ತಾಂಶ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆಯಿರಿ, ಶುಲ್ಕಕ್ಕೆ ಸುಲಭ ಕಂತಿನ ಸಾಲ ನಾವೇ ಮಾಡಿಸುತ್ತೇವೆ. ಪದವಿ ವಿಶ್ವವಿದ್ಯಾಲಯದ್ದು, ಮಾರಾಟ ಕಂಪನಿಯದು, ಸಾಲ ಇನ್ನೊಂದು ಹಣಕಾಸು ಸಂಸ್ಥೆಯದು. ಕೋರ್ಸು ಹಿಡಿಸದೆ ಬಿಟ್ಟರೂ ಕಂತು ನಿಲ್ಲುವುದಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಇಂಥ ಸಾಲಗಳ ಬಗ್ಗೆ, ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಒಪ್ಪಿಗೆಗಳ ಬಗ್ಗೆ ಎಚ್ಚರಿಕೆ ನೀಡಿತು. ಮರು ತಿಂಗಳೇ ಯುಜಿಸಿ, ಆನ್‌ಲೈನ್ ಹಾಗೂ ದೂರಶಿಕ್ಷಣದ ಪದವಿಗಳನ್ನು ಕಂಪನಿಗಳ ಫ್ರಾಂಚೈಸಿ ಮೂಲಕ ನಡೆಸುವಂತಿಲ್ಲ ಎಂದಿತು. ಸಲಹೆ, ಸೂಚನೆಗಳು ಅಲ್ಲಿಗೇ ನಿಂತಿವೆ.

ಅಮೆರಿಕ 2015ರಲ್ಲಿ ‘ಕಾಲೇಜ್ ಸ್ಕೋರ್‌ಕಾರ್ಡ್’ ಎಂಬ ಸಾರ್ವಜನಿಕ ದಾಖಲೆಯನ್ನು ತೆರೆದಿಟ್ಟಿತು. ಅದರಲ್ಲಿ ಮೇಲೆ ಹೇಳಿದ ದೋಷಗಳೆಲ್ಲ ಇರಬಹುದು. ಆದರೂ ಯಾವ ಕಾಲೇಜಿನಲ್ಲಿ ಓದಿದವರಿಗೆ ಎಷ್ಟು ಸಾಲ, ಎಷ್ಟು ಗಳಿಕೆ ಎಂದು ಯಾವ ಪ್ರಜೆಯೂ ನೋಡಬಹುದು. ಅದು ಇದ್ದುದರಿಂದಲೇ ಅದರ ದೋಷಗಳನ್ನು ಚರ್ಚಿಸಲು ಸಾಧ್ಯವಾಗಿದೆ. ನಮ್ಮ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ 2024ರಿಂದ ಮುಕ್ತ ವಿಶ್ವವಿದ್ಯಾಲಯಗಳಿಗೆ ಪ್ರತ್ಯೇಕ ವಿಭಾಗವಿದೆ. ಆನ್‌ಲೈನ್ ಪದವಿ ಕೊಡಲು ಅನುಮತಿ ಕೇಳಿ ಬರುವ ಪ್ರತಿ ವಿಶ್ವವಿದ್ಯಾಲಯದಿಂದಲೂ ನಾಲ್ಕು ಅಂಕಿಗಳನ್ನು ಪಡೆದು ಪ್ರಕಟಿಸುವುದು ಯುಜಿಸಿಗೆ ದೊಡ್ಡ ಕೆಲಸವೇನಲ್ಲ: ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನ ಸಾಲ ಮಾಡಿ ಓದಿದರು, ಸೇರುವಾಗಿನ ಮತ್ತು ಮುಗಿಸಿದ ನಂತರದ ಸಂಬಳವೆಷ್ಟು. ಸಾಲ ಕೊಡುವ ಹಣಕಾಸು ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಅಧೀನದಲ್ಲೇ ಇವೆ. ಕೋರ್ಸನ್ನು ಅರ್ಧಕ್ಕೆ ಬಿಟ್ಟವರ ಉಳಿದ ಕಂತಿನ ಹೊಣೆಯಲ್ಲಿ ಪದವಿ ಮಾರಿದ ಕಂಪನಿಗೂ ಪಾಲಿರಬೇಕೆಂದು ಕಡ್ಡಾಯಗೊಳಿಸಿದರೆ, ಯಾರನ್ನು ಸೇರಿಸಬೇಕು, ಯಾರನ್ನು ಸೇರಿಸಬಾರದು ಎಂಬ ವಿವೇಕ ಆ ಕರೆ ಮಾಡುವವರಿಗೆ ತಾನಾಗಿಯೇ ಬರುತ್ತದೆ. ಇದಕ್ಕೆ ಹೊಸ ಶಾಸನವೂ ಬೇಕಿಲ್ಲ, ನಿಯಂತ್ರಕರು ಒಟ್ಟಿಗೆ ಕುಳಿತರೆ ಸಾಕು.